ತಾಲ್ಲೂಕು ಕೋರ್ಟಿನ ಕಡತ ಮತ್ತು ಗ್ರೀನ್ ಕಾರ್ಡ್: ವಿಳಂಬ ಜನನ ನೋಂದಣಿಯ ಸಾಕ್ಷ್ಯಬಲ

ಅಮೆರಿಕದಲ್ಲಿ ವಲಸಿಗರಿಗೆ ಸಿಗುವ ಕಾನೂನು ನೆರವಿನ ಮಾತು ಬಂದಾಗಲೆಲ್ಲ ಎದುರಾಗುವ ಅಧ್ಯಯನ ಇಂಗ್ರಿಡ್ ಈಗ್ಲಿ ಮತ್ತು ಸ್ಟೀವನ್ ಶೇಫರ್ ಅವರದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕಾನೂನು ನಿಯತಕಾಲಿಕದಲ್ಲಿ 2015ರಲ್ಲಿ ಪ್ರಕಟವಾದ ಅದು, 2007ರಿಂದ 2012ರ ನಡುವೆ ತೀರ್ಮಾನವಾದ 12 ಲಕ್ಷಕ್ಕೂ ಹೆಚ್ಚು ಗಡೀಪಾರು ಪ್ರಕರಣಗಳನ್ನು ಶೋಧಿಸಿತು. ವಕೀಲರನ್ನು ಇಟ್ಟುಕೊಂಡವರು ಶೇ. 37 ಮಾತ್ರ, ಬಂಧನದಲ್ಲಿದ್ದವರ ಪೈಕಿ ಶೇ. 14. ಅಂದಿನಿಂದ ‘ವಕೀಲರ ಲಭ್ಯತೆ’ ಎಂಬುದೇ ಕಾನೂನು ನೆರವಿನ ಅಳತೆಗೋಲಾಗಿ ನಿಂತಿದೆ.

ಗಡೀಪಾರಿನ ಕಟಕಟೆಗೆ ಆ ಅಳತೆಗೋಲು ಸರಿ. ಆದರೆ ನರಸಿಂಹರಾಜಪುರ ತಾಲ್ಲೂಕಿನ ಕಡಹಿನಬೈಲಿನಂಥ ಊರಿನಿಂದ ಹೊರಟು, ಬೆಂಗಳೂರು ಹಾಯ್ದು, ಅಮೆರಿಕದಲ್ಲಿ ಗ್ರೀನ್ ಕಾರ್ಡಿನ ಸರದಿಯಲ್ಲಿ ನಿಂತ ಕುಟುಂಬವನ್ನು ಅದರಿಂದ ಅಳೆಯಲು ಹೊರಟರೆ ಫಲಿತಾಂಶ ದಾರಿ ತಪ್ಪಿಸುತ್ತದೆ. ಅಂಥ ಕುಟುಂಬಕ್ಕೆ ಸಾಮಾನ್ಯವಾಗಿ ವಕೀಲರಿರುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ಕಂಪನಿಯೇ ಗೊತ್ತುಮಾಡಿರುತ್ತದೆ. ಆದರೂ ಫೈಲು ನಿಂತುಬಿಡುತ್ತದೆ. ನಿಲ್ಲುವ ಜಾಗ ಆ ವಕೀಲರ ಕೈಗೆಟುಕದ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು. ಕಾನೂನು ನೆರವು ಎಂಬುದನ್ನು ಅಲ್ಲಿಂದ ನೋಡಿದರೆ ಏನು ಕಾಣುತ್ತದೆ ಎಂಬುದು ಈ ಲೇಖನದ ವಿಷಯ.

ಈ ವಲಸೆಯ ಹಿನ್ನೆಲೆಯ ಬಗ್ಗೆ ವಿದ್ವಾಂಸರಲ್ಲಿ ದೊಡ್ಡ ಭಿನ್ನಮತವಿಲ್ಲ. ಅಮೆರಿಕದ 1965ರ ವಲಸೆ ಕಾಯ್ದೆ ಏಷ್ಯಾದವರಿಗೆ ಬಾಗಿಲು ತೆರೆಯಿತು. 1990ರ ಕಾಯ್ದೆ ಉದ್ಯೋಗಾಧಾರಿತ ವೀಸಾಗಳನ್ನು ವರ್ಷಕ್ಕೆ ಸುಮಾರು 1,40,000ಕ್ಕೆ ಏರಿಸಿತು. ಯಾವುದೇ ಒಂದು ದೇಶಕ್ಕೆ ಶೇ. 7ರ ಮಿತಿಯನ್ನೂ ಹಾಕಿತು. ಐ.ಟಿ. ಕೆಲಸಗಾರರನ್ನು ಸಾಗಿಸುವ ಗುತ್ತಿಗೆ ಜಾಲವನ್ನು ಶಿಯಾಂಗ್ ಬಿಯಾವೊ 2007ರಲ್ಲಿ ವಿವರಿಸಿದರು. ಕೇರಳದ ನರ್ಸ್‌ಗಳ ವಲಸೆಯಿಂದ ಮನೆಯೊಳಗಿನ ಸ್ಥಾನಮಾನ ಹೇಗೆ ತಿರುಗಿತೆಂದು ಶೀಬಾ ಜಾರ್ಜ್ 2005ರಲ್ಲಿ ತೋರಿಸಿದರು. ಅವಲಂಬಿತ ವೀಸಾ ದಾಂಪತ್ಯವನ್ನೇ ಹೇಗೆ ಬಿಗಿಯುತ್ತದೆಂಬುದನ್ನು ಪಲ್ಲವಿ ಬ್ಯಾನರ್ಜಿ 2022ರ ಕೃತಿಯಲ್ಲಿ ಬಿಡಿಸಿಟ್ಟರು. ಇವೆಲ್ಲವೂ ಒಪ್ಪಿತ ವಿಚಾರಗಳೇ. ಈ ಬರಹಗಳಲ್ಲಿ ಬದಿಗೆ ಸರಿದಿರುವುದು ಪುರಾವೆಯ ಪ್ರಶ್ನೆ: ಅರ್ಜಿಯಲ್ಲಿರುವ ವ್ಯಕ್ತಿ ಇಂಥ ದಿನ, ಇಂಥ ಊರಿನಲ್ಲಿ, ಇಂಥ ತಂದೆತಾಯಿಗೆ ಹುಟ್ಟಿದವರು ಎಂದು ಸಾಬೀತುಪಡಿಸುವ ಹೊಣೆಯನ್ನು ಹೊರುವವರು ಯಾರು?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಯಲ್ಲಿ ಈ ಪ್ರಶ್ನೆ ಸುಲಭದ್ದಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆ ಜಾರಿಗೆ ಬಂದದ್ದು 1970ರ ಏಪ್ರಿಲ್ 1ರಂದು. ಭಾರತೀಯರ ಜನನ ದಾಖಲೆಗಳ ಬಗ್ಗೆ ಅಮೆರಿಕದ ವಿದೇಶಾಂಗ ಇಲಾಖೆ ಇಟ್ಟುಕೊಂಡಿರುವ ಮಾರ್ಗಸೂಚಿಯೂ ಇದೇ ದಿನವನ್ನು ಗೆರೆಯಾಗಿ ಬಳಸುತ್ತದೆ. ಆದರೆ ಕಾಯ್ದೆ ಬಂದ ಮಾತ್ರಕ್ಕೆ ಮಲೆನಾಡಿನ ಒಂಟಿ ಮನೆಗಳಿಗೆ ರಿಜಿಸ್ಟರು ಬರಲಿಲ್ಲ. ಮಳೆಗಾಲದಲ್ಲಿ ಸೂಲಗಿತ್ತಿಯ ಕೈಯಲ್ಲಿ ಮನೆಯಲ್ಲೇ ಆದ ಹೆರಿಗೆಯ ಸುದ್ದಿ ಗ್ರಾಮ ಲೆಕ್ಕಿಗರಿಗೆ ಮುಟ್ಟಿಸಲು ಯಾರೂ ಅವಸರಪಡುತ್ತಿರಲಿಲ್ಲ.

ಮುಟ್ಟಿಸಿದ ಕಡೆಯೂ ತೊಡಕಿದೆ. ಚೊಚ್ಚಲ ಹೆರಿಗೆ ತವರಿನಲ್ಲಿ. ಕಾಯ್ದೆಯ ಪ್ರಕಾರ ನೋಂದಣಿ ಆಗಬೇಕಾದದ್ದು ಹುಟ್ಟಿದ ಸ್ಥಳದಲ್ಲಿ. ಹೀಗಾಗಿ ಕಡಹಿನಬೈಲಿನ ಮನೆಯ ಹಿರಿಮಗನ ಹೆಸರು ತೀರ್ಥಹಳ್ಳಿಯ ಪುಸ್ತಕದಲ್ಲಿ, ಬೇರೆ ಜಿಲ್ಲೆಯಲ್ಲಿ, ಇರಬಹುದು. ಪಾಸ್‌ಪೋರ್ಟಿನಲ್ಲಿ ಮಾತ್ರ ಜನ್ಮಸ್ಥಳ ಅಪ್ಪನ ಊರು. ಇನ್ನು ಕೆಲವು ನಮೂದುಗಳಲ್ಲಿ ಮಗುವಿನ ಹೆಸರೇ ಇರುವುದಿಲ್ಲ, ‘ಗಂಡು’ ಅಥವಾ ‘ಹೆಣ್ಣು’ ಎಂದಷ್ಟೇ. ಹೆಸರನ್ನು ಆಮೇಲೆ ಸೇರಿಸಲು ಕಾಯ್ದೆಯ 14ನೆಯ ಕಲಮಿನಲ್ಲಿ ಅವಕಾಶವಿದ್ದರೂ ನಿಯಮಗಳು ಅದಕ್ಕೆ 15 ವರ್ಷಗಳ ಗಡಿ ಹಾಕಿವೆ. ಶಾಲೆಗೆ ಸೇರಿಸುವಾಗ ಮೇಷ್ಟರು ಅಂದಾಜಿನಲ್ಲಿ ಬರೆದ ಜೂನ್ 1 ಮುಂದೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ, ಅಲ್ಲಿಂದ ಪಾಸ್‌ಪೋರ್ಟಿಗೂ ಏರಿರುತ್ತದೆ.

ಇಂಥ ಕಡೆ ಅಮೆರಿಕದ ನಿಯಮ ಮೂರು ಮೆಟ್ಟಿಲು ಇಡುತ್ತದೆ. ಮೊದಲು ಮೂಲ ಪುರಾವೆ, ಅಂದರೆ ಜನನ ಪ್ರಮಾಣಪತ್ರ. ಅದು ಇಲ್ಲವೆಂದು ಸಂಬಂಧಪಟ್ಟ ಕಚೇರಿಯೇ ಬರೆದುಕೊಟ್ಟರೆ ಶಾಲೆಯ ಅಥವಾ ಚರ್ಚಿನ ದಾಖಲೆಯಂಥ ಎರಡನೆಯ ದರ್ಜೆಯ ಪುರಾವೆ. ಅದೂ ಸಿಗದಿದ್ದರೆ, ಅರ್ಜಿಯಲ್ಲಿ ಪಕ್ಷಗಾರರಲ್ಲದ, ಸಂಗತಿಯನ್ನು ನೇರವಾಗಿ ಬಲ್ಲ ಕನಿಷ್ಠ ಇಬ್ಬರ ಅಫಿಡವಿಟ್.

ಎರಡನೆಯ ಮೆಟ್ಟಿಲಿನಲ್ಲೇ ಒಂದೇ ತಾಲ್ಲೂಕಿನ ಎರಡು ಮನೆಗಳು ಬೇರೆಯಾಗುತ್ತವೆ. ಕುಟುಂಬ ಅರ್ಜಿಯ ಸೂಚನೆಗಳು ಒಪ್ಪುವ ಚರ್ಚ್ ದಾಖಲೆಗೆ ಮುದ್ರೆ ಇರಬೇಕು. ಹುಟ್ಟಿದ ಎರಡು ತಿಂಗಳೊಳಗೆ ದೀಕ್ಷಾಸ್ನಾನವೋ ಅದಕ್ಕೆ ಸಮನಾದ ವಿಧಿಯೋ ನಡೆದಿರಬೇಕು. ಕೇರಳದಿಂದ ಬಂದು ನರಸಿಂಹರಾಜಪುರದ ಸುತ್ತ ನೆಲೆಸಿದ ಕ್ರೈಸ್ತ ಕುಟುಂಬಗಳಿಗೆ ಅಂಥ ರಿಜಿಸ್ಟರು ಇದೆ. ಪಕ್ಕದ ತೋಟದ ಹಿಂದೂ ಮನೆಯಲ್ಲಿ ನಾಮಕರಣ ಹನ್ನೊಂದನೆಯದೋ ಹನ್ನೆರಡನೆಯದೋ ದಿನಕ್ಕೇ ಮುಗಿದಿರುತ್ತದೆ. ಅದನ್ನು ಬರೆದು ಮುದ್ರೆಯೊತ್ತುವ ಸಂಸ್ಥೆಯೇ ಇಲ್ಲ. ಉಳಿಯುವುದು ಜಾತಕ. ಅದು ವಯಸ್ಸಿಗೆ ತೀರಾ ದುರ್ಬಲ ಪುರಾವೆ ಎಂದು ಭಾರತದ ಸುಪ್ರೀಂ ಕೋರ್ಟೇ ಪಂಜಾಬ್ ಸರ್ಕಾರ ಮತ್ತು ಮೊಹಿಂದರ್ ಸಿಂಗ್ ನಡುವಣ ಪ್ರಕರಣದಲ್ಲಿ ಹೇಳಿದೆ.

ಆದ್ದರಿಂದ ಹಿಂದೂ ಕುಟುಂಬದ ಮುಂದೆ ಎರಡು ದಾರಿಗಳಷ್ಟೇ ಉಳಿಯುತ್ತವೆ. ‘ದಾಖಲೆ ಲಭ್ಯವಿಲ್ಲ’ ಎಂಬ ಹಿಂಬರಹ ಪಡೆದು ಶಾಲಾ ದಾಖಲೆ, ಅಫಿಡವಿಟ್‌ಗಳೊಂದಿಗೆ ಸಲ್ಲಿಸುವುದು ಒಂದು. ಅದೇ ಹಿಂಬರಹ ಹಿಡಿದು ಕಾಯ್ದೆಯ 13(3)ನೆಯ ಕಲಮಿನಡಿ ವಿಳಂಬ ನೋಂದಣಿಗೆ ಆದೇಶ ಪಡೆದು, ಹೊಸ ಜನನ ಪ್ರಮಾಣಪತ್ರವನ್ನೇ ತರುವುದು ಇನ್ನೊಂದು. ವಿವಾದ ಇರುವುದು ಇಲ್ಲಿ.

ವಿಳಂಬ ಪ್ರಮಾಣಪತ್ರದಿಂದ ಪ್ರಯೋಜನವಿಲ್ಲ ಎನ್ನುವವರು ಅಮೆರಿಕದ ವಲಸೆ ಮೇಲ್ಮನವಿ ಮಂಡಳಿಯ ತೀರ್ಪುಗಳನ್ನು ಮುಂದಿಡುತ್ತಾರೆ. 1997ರ ಬ್ಯೂನೊ ತೀರ್ಪಿನ ಪ್ರಕಾರ, ಎದುರು ಸಾಕ್ಷ್ಯ ಇಲ್ಲದಿದ್ದರೂ ವಿಳಂಬ ಪ್ರಮಾಣಪತ್ರ ಪಿತೃತ್ವಕ್ಕೆ ಅಂತಿಮ ಪುರಾವೆಯಾಗಬೇಕಿಲ್ಲ. 2017ರ ರೆಹಮಾನ್ ತೀರ್ಪು, ಜನನದ ಹೊತ್ತಿಗೇ ನೋಂದಣಿಯಾಗಿರದ ಪ್ರಮಾಣಪತ್ರವನ್ನು ಫೈಲಿನಲ್ಲಿರುವ ಉಳಿದೆಲ್ಲ ಪುರಾವೆಗಳ ಜೊತೆಗಿಟ್ಟು ತೂಗಬೇಕು ಎಂದಿತು. ಇದರಿಂದ ಅವರು ತೆಗೆಯುವ ತೀರ್ಮಾನ ಸರಳ: ನಲವತ್ತು ವರ್ಷದ ಬಳಿಕ ಪಡೆದ ಕಾಗದಕ್ಕೆ ಬೆಲೆಯಿಲ್ಲ, ಕೋರ್ಟಿನ ಖರ್ಚು ದಂಡ.

ಈ ತೀರ್ಮಾನ ತೀರ್ಪುಗಳನ್ನು ಅರ್ಧ ಮಾತ್ರ ಓದಿದೆ. ರೆಹಮಾನ್ ತೀರ್ಪು ವಿಳಂಬ ಪ್ರಮಾಣಪತ್ರವನ್ನು ತಳ್ಳಿಹಾಕುವುದಿಲ್ಲ. ಅಧಿಕಾರಿ ಅದನ್ನೂ ಉಳಿದುದನ್ನೂ ಒಟ್ಟಿಗೆ ನೋಡಲೇಬೇಕು ಎನ್ನುತ್ತದೆ. ಅಳತೆಯೂ ಕಠಿಣವಲ್ಲ: ಸಂಗತಿ ನಿಜವಾಗಿರುವ ಸಂಭವವೇ ಹೆಚ್ಚು ಎಂದು ತೋರಿದರೆ ಸಾಕು. ಹಾಗಿದ್ದರೆ ‘ಉಳಿದ ಪುರಾವೆ’ ಎಲ್ಲಿಂದ ಬರಬೇಕು?

ಅದು ಆಗಲೇ ತಾಲ್ಲೂಕು ಕೋರ್ಟಿನ ಕಡತದೊಳಗೆ ಇದೆ ಎಂಬುದು ಈ ಲೇಖನದ ವಾದ. ಹಳೆಯ ಪದ್ಧತಿಯಲ್ಲಿ 13(3)ರ ಅರ್ಜಿ ಹೋಗುತ್ತಿದ್ದುದು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮುಂದೆ. ಅರ್ಜಿದಾರರ ಕಡೆಯವರು ಪ್ರಮಾಣಪೂರ್ವಕ ಸಾಕ್ಷ್ಯ ನುಡಿಯುತ್ತಿದ್ದರು. ಶಾಲೆಯ ವರ್ಗಾವಣೆ ಪತ್ರ, ದಾಖಲಾತಿ ಪುಸ್ತಕದ ನಕಲು, ಹಿಂಬರಹ ಒಂದೊಂದಾಗಿ ನಿಶಾನೆಗೊಳ್ಳುತ್ತಿದ್ದವು. ಕೊನೆಗೆ ಕಾರಣ ಸಹಿತ ಆದೇಶ. ಅಮೆರಿಕದ ಅಧಿಕಾರಿಗೆ ಸಾಮಾನ್ಯವಾಗಿ ತಲಪುವುದು ಆ ಆದೇಶದ ಫಲವಾದ ಒಂದು ಹಾಳೆ ಪ್ರಮಾಣಪತ್ರ ಮಾತ್ರ. ನೋಂದಣಿ ದಿನಾಂಕ ನೋಡಿದ ಕೂಡಲೇ ಅವರಿಗೆ ಸಂಶಯ ಹುಟ್ಟುವುದು ಸಹಜ. ಅದರ ಹಿಂದಿನ ಸಾಕ್ಷ್ಯ, ನಿಶಾನೆ, ಆದೇಶಗಳ ದೃಢೀಕೃತ ನಕಲನ್ನು ಇಂಗ್ಲಿಷ್ ಅನುವಾದದೊಂದಿಗೆ ಲಗತ್ತಿಸಿದರೆ ರೆಹಮಾನ್ ತೀರ್ಪು ಕೇಳುವ ಸಮಗ್ರ ಚಿತ್ರ ಒಂದೇ ಕಟ್ಟಿನಲ್ಲಿ ಸಿಗುತ್ತದೆ. ಅನುವಾದಕ್ಕೆ ಸರ್ಕಾರಿ ಭಾಷಾಂತರಕಾರರೇ ಬೇಕಿಲ್ಲ. ಎರಡೂ ಭಾಷೆ ಬಲ್ಲವರು ತಮ್ಮ ಸಾಮರ್ಥ್ಯವನ್ನೂ ಅನುವಾದ ಪೂರ್ಣ, ನಿಖರ ಎಂಬುದನ್ನೂ ದೃಢೀಕರಿಸಿದರೆ ಸಾಕು. ಕಡತ ಗಟ್ಟಿಯಾಗಿದ್ದರೆ ಪ್ರಮಾಣಪತ್ರವೂ ನಿಲ್ಲುತ್ತದೆ.

ಈ ವಾದಕ್ಕೆ ಕೆಲವು ಮಿತಿಗಳನ್ನು ಹಾಕಲೇಬೇಕು. ಬ್ಯೂನೊ, ರೆಹಮಾನ್ ಎರಡೂ ಕುಟುಂಬ ಸಂಬಂಧದ ಅರ್ಜಿಗಳು. ಉದ್ಯೋಗಾಧಾರಿತ ಅರ್ಜಿಯಲ್ಲಿ ಸ್ವಂತ ಜನನವನ್ನು ತೋರಿಸುವವರಿಗೆ ಅವು ಅಷ್ಟೇ ನೇರವಾಗಿ ಅನ್ವಯಿಸುತ್ತವೆ ಎನ್ನಲಾಗದು. ಎರಡನೆಯದಾಗಿ, 13(3)ರ ಪ್ರಕರಣಗಳಲ್ಲಿ ಎದುರುದಾರ ತಹಶೀಲ್ದಾರರು ಅಥವಾ ನೋಂದಣಾಧಿಕಾರಿ ಆಗಿರುತ್ತಿದ್ದರು. ಗಟ್ಟಿಯಾದ ಪಾಟೀಸವಾಲು ಅಪರೂಪವಾಗಿತ್ತು. ಪಾಟೀಸವಾಲಿಲ್ಲದ ಸಾಕ್ಷ್ಯಕ್ಕೆ ಕಡಿಮೆ ತೂಕ ಎಂದು ಅಮೆರಿಕದ ಅಧಿಕಾರಿ ಹೇಳಿದರೆ ತಪ್ಪಲ್ಲ. ಮೂರನೆಯದಾಗಿ, ಅರ್ಜಿದಾರರು ವಿದೇಶದಲ್ಲಿದ್ದರೆ ಊರಿನ ತಮ್ಮನಿಗೋ ಅಣ್ಣನಿಗೋ ಪವರ್ ಆಫ್ ಅಟಾರ್ನಿ ಕೊಡುವುದು ವಾಡಿಕೆ. ಅಧಿಕಾರಪತ್ರ ಪಡೆದವರು ಯಜಮಾನರ ವೈಯಕ್ತಿಕ ಅರಿವಿನ ವಿಷಯಕ್ಕೆ ಅವರ ಬದಲು ಸಾಕ್ಷಿ ಹೇಳಲಾಗದು ಎಂದು ಜಾನಕಿ ವಾಶದೇವ್ ಭೋಜ್ವಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ತನ್ನ ಹುಟ್ಟಿನ ಬಗ್ಗೆ ಯಾರಿಗೂ ವೈಯಕ್ತಿಕ ಅರಿವಿಲ್ಲ. ತಾಯಿಗೆ, ಎಂಟ್ಹತ್ತು ವರ್ಷ ಹಿರಿಯನಾದ ಅಣ್ಣನಿಗೆ ಇರಬಹುದು. ಆದ್ದರಿಂದ ಅಣ್ಣ ಅಧಿಕಾರಪತ್ರದ ಬಲದಿಂದಲ್ಲ, ಕಂಡವನಾಗಿ ಸಾಕ್ಷಿ ನುಡಿದಿದ್ದರೆ ಕಡತದ ಬಲ ಹೆಚ್ಚು. ಈ ಭೇದವನ್ನು ಗಮನಿಸಿ ಅಫಿಡವಿಟ್ ಬರೆಯುವುದು ತಾಲ್ಲೂಕು ವಕೀಲರ ಕೈಯಲ್ಲಿದೆ, ಗ್ರೀನ್ ಕಾರ್ಡಿನ ವಕೀಲರ ಕೈಯಲ್ಲಲ್ಲ.

ಇದರ ಮೇಲೆ ಸಮಯದ ಒತ್ತಡ. ಫೈಲಿನಲ್ಲಿ ಕೊರತೆ ಕಂಡರೆ ಅಮೆರಿಕದ ವಲಸೆ ಇಲಾಖೆ ಹೆಚ್ಚುವರಿ ಪುರಾವೆ ಕೇಳಿ ನೋಟಿಸ್ ಕಳಿಸುತ್ತದೆ. ‘ಆರ್‌ಎಫ್‌ಇ ಬಂತು’ ಎಂದು ಅಲ್ಲಿನ ಕನ್ನಡಿಗರು ಹೇಳುವುದು ಇದಕ್ಕೇ. ಉತ್ತರಕ್ಕೆ ಗರಿಷ್ಠ 12 ವಾರ. ಅದನ್ನು ವಿಸ್ತರಿಸುವಂತಿಲ್ಲ ಎಂದು ನಿಯಮವೇ ಹೇಳುತ್ತದೆ. ಹಿಂಬರಹ, ಅರ್ಜಿ, ನೋಟಿಸ್, ಪತ್ರಿಕಾ ಪ್ರಕಟಣೆ, ಸಾಕ್ಷ್ಯ, ಆದೇಶ, ನೋಂದಣಿ ಇಷ್ಟನ್ನೂ 12 ವಾರದಲ್ಲಿ ಮುಗಿಸುವ ಭರವಸೆಯನ್ನು ಕೊಪ್ಪದಲ್ಲಾಗಲಿ ಶೃಂಗೇರಿಯಲ್ಲಾಗಲಿ ಯಾವ ವಕೀಲರೂ ಕೊಡಲಾರರು. ಉದ್ಯೋಗ ವರ್ಗದ ಭಾರತೀಯರು ಹತ್ತು ವರ್ಷಕ್ಕೂ ಮೇಲ್ಪಟ್ಟು ಕಾಯುತ್ತಾರೆ, ಒಡಹುಟ್ಟಿದವರ ವರ್ಗದಲ್ಲಿ ಅದಕ್ಕೂ ಹೆಚ್ಚು. ಸರದಿ ಬಂದ ಮೇಲೆ ಕಾಗದ ಹುಡುಕುವ ಬದಲು ಕಾಯುವ ವರ್ಷಗಳಲ್ಲೇ ಕಡತ ಸಿದ್ಧವಾಗಬೇಕು ಎಂಬ ಸಲಹೆಯೂ ಕಾನೂನು ನೆರವೇ. ಅಷ್ಟರಲ್ಲಿ ಸಾಕ್ಷಿ ಹೇಳಬಲ್ಲ ಸೋದರತ್ತೆ, ಸೂಲಗಿತ್ತಿ ತೀರಿಕೊಂಡಿದ್ದರೆ ಮೂರನೆಯ ಮೆಟ್ಟಿಲೂ ಕಳಚುತ್ತದೆ.

ಜನನ ಮರಣ ನೋಂದಣಿ ಕಾಯ್ದೆಯ 2023ರ ತಿದ್ದುಪಡಿ ಈ ಚಿತ್ರವನ್ನು ಬದಲಿಸಿದೆ. ಒಂದು ವರ್ಷ ಮೀರಿದ ನೋಂದಣಿಗೆ ಆದೇಶ ಕೊಡುವ ಅಧಿಕಾರ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರಿಂದ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಅಥವಾ ಅಧಿಕೃತ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಹೋಯಿತು. ಕರ್ನಾಟಕದಲ್ಲಿ ಇದಕ್ಕೆ ಪೀಠಿಕೆಯೂ ಇತ್ತು: 2022ರಲ್ಲಿ ರಾಜ್ಯ ಸರ್ಕಾರ ನಿಯಮ ತಿದ್ದಿ ಈ ಅಧಿಕಾರವನ್ನು ಉಪವಿಭಾಗಾಧಿಕಾರಿಗಳಿಗೆ ಕೊಡಹೊರಟಾಗ ವಕೀಲರು ವಿರೋಧಿಸಿದರು, ವಿಷಯ ಹೈಕೋರ್ಟಿಗೂ ಹೋಯಿತು. ಅಂದು ಅದನ್ನು ವಕೀಲರ ಹೊಟ್ಟೆಪಾಡಿನ ಗಲಾಟೆ ಎಂದು ತಳ್ಳಿಹಾಕುವುದು ಸುಲಭವಿತ್ತು. ಪುರಾವೆಯ ದೃಷ್ಟಿಯಿಂದ ನೋಡಿದರೆ ಅದರಲ್ಲಿ ಇನ್ನೊಂದು ಅಂಶವಿದೆ. ಕಾರ್ಯಾಂಗದ ವಿಚಾರಣೆಯಲ್ಲಿ ನಿಶಾನೆ, ಪ್ರಮಾಣಪೂರ್ವಕ ಸಾಕ್ಷ್ಯ ಇರಲೇಬೇಕೆಂಬ ಕಟ್ಟುಪಾಡಿಲ್ಲ; ಹುಟ್ಟಿದ ಸಂಗತಿ ಸರಿಯೆಂದು ಪರಿಶೀಲಿಸಿದರಾಯಿತು. ಊರಿನಲ್ಲಿ ಕೆಲಸ ಹಗುರವಾದಷ್ಟೂ ವಿದೇಶದಲ್ಲಿ ಪ್ರಮಾಣಪತ್ರದ ಬೆನ್ನಿಗಿರುವ ಕಡತ ತೆಳುವಾಗಬಹುದು. ‘ಬಹುದು’ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು: ಅಧಿಕಾರಿ ಹೇಳಿಕೆಗಳನ್ನು ಬರೆದುಕೊಂಡು ಕಾರಣ ಸಹಿತ ಆದೇಶ ಕೊಡುವುದನ್ನು ತಿದ್ದುಪಡಿ ತಡೆಯುವುದಿಲ್ಲ. ದೂರವೂ ಬದಲಾಗಿದೆ. ಉಪವಿಭಾಗಾಧಿಕಾರಿಗಳ ಕಚೇರಿ ಇರುವುದು ತರೀಕೆರೆಯಲ್ಲಿ. ಶೃಂಗೇರಿಯ ವೃದ್ಧ ತಾಯಿಗೆ ಅದು ಊರಿನ ಕೋರ್ಟಿನಷ್ಟು ಹತ್ತಿರವಲ್ಲ.

ಆ ತಾಯಿಗೆ ನೆರವು ಎಲ್ಲಿದೆ? ಅಮೆರಿಕದ ಕಾನೂನು ಗಡೀಪಾರು ಪ್ರಕರಣದಲ್ಲೂ ಸರ್ಕಾರಿ ಖರ್ಚಿನಲ್ಲಿ ವಕೀಲರನ್ನು ಕೊಡುವುದಿಲ್ಲ. ಭಾರತದ ವಕೀಲರಿಗೆ ಅಮೆರಿಕದ ಹೊರಗಿನ ವಿಷಯಗಳಲ್ಲಿ, ಅದೂ ಅಲ್ಲಿನ ಅಧಿಕಾರಿಯ ವಿವೇಚನೆಗೆ ಒಳಪಟ್ಟು, ಹಾಜರಾಗಲು ಮಾತ್ರ ಸಂದು ಇದೆ. ಆದರೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಮಿನ ಪ್ರಕಾರ ಮಹಿಳೆಯರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ಅವಲಂಬಿತ ವೀಸಾದಲ್ಲಿರುವ ಸೊಸೆಯ ಜನನ ನೋಂದಣಿಗಾಗಲಿ ಅತ್ತೆಯದಕ್ಕಾಗಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯ ಬಾಗಿಲು ತಟ್ಟಬಹುದು. ವಲಸೆಯ ಕಾನೂನು ನೆರವನ್ನು ಎಣಿಸುವ ಯಾವ ಕೋಷ್ಟಕದಲ್ಲೂ ಈ ಸಮಿತಿಗೆ ಜಾಗ ಸಿಕ್ಕಿಲ್ಲ.

ಈಗ್ಲಿ, ಶೇಫರ್ ಅವರ ಅಂಕಿಗಳಲ್ಲಿ ದೋಷವಿದೆ ಎನ್ನುವುದು ಇಲ್ಲಿನ ಆಶಯವಲ್ಲ. ಅವು ಅಳೆಯಲು ಹೊರಟದ್ದು ಬೇರೆ. ಕಾಯಂ ವಾಸದ ಅರ್ಜಿಗಳ ಮಟ್ಟಿಗೆ ನೆರವಿನ ಸರಪಳಿಯನ್ನು ಗ್ರಾಮ ಲೆಕ್ಕಿಗರ ಪುಸ್ತಕದಿಂದಲೇ ಎಣಿಸತೊಡಗಬೇಕು ಎಂಬಷ್ಟೇ ಇಲ್ಲಿಯ ಪ್ರತಿಪಾದನೆ. ಇದು ಎಲ್ಲ ತಲೆಮಾರಿಗೂ ಒಂದೇ ತೀವ್ರತೆಯಲ್ಲಿ ಅನ್ವಯಿಸದು: ಆಸ್ಪತ್ರೆಯ ಹೆರಿಗೆ ಸಾಮಾನ್ಯವಾದ ಮೇಲೆ ಹುಟ್ಟಿದವರಿಗೆ ತೊಡಕು ಕಡಿಮೆ, 2023ರ ಅಕ್ಟೋಬರ್ 1ರಂದು ಅಥವಾ ಆ ಬಳಿಕ ಹುಟ್ಟಿದವರಿಗಂತೂ ಜನನ ಪ್ರಮಾಣಪತ್ರವೇ ಶಾಲೆ, ಪಾಸ್‌ಪೋರ್ಟ್ ಎಲ್ಲಕ್ಕೂ ಆಧಾರ. ಇತ್ಯರ್ಥವಾಗಬೇಕಾದ ಪ್ರಶ್ನೆಗಳು ಎರಡು. ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಆದೇಶದಿಂದ ಹುಟ್ಟಿದ ಪ್ರಮಾಣಪತ್ರವನ್ನು ರೆಹಮಾನ್ ತೀರ್ಪಿನ ತಕ್ಕಡಿಯಲ್ಲಿ ಹೇಗೆ ತೂಗಬೇಕು ಎಂಬುದು ಒಂದು. ಸಮಾನ ವಿಧಿಗಳಿಗೂ ಅವಕಾಶ ಕೊಡುವ ಚರ್ಚ್ ದಾಖಲೆಯ ನಿಯಮದೊಳಗೆ, ಪುರೋಹಿತರೋ ಮಠವೋ ಬರೆದಿಟ್ಟ ನಾಮಕರಣದ ಲೆಕ್ಕ ಸೇರಬಲ್ಲದೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಹುಡುಕುವವರು ಶೃಂಗೇರಿಯ ಸುತ್ತಮುತ್ತಲ ಪುರೋಹಿತ ಮನೆಗಳ ಹಳೆಯ ಪುಸ್ತಕಗಳಿಂದ ಆರಂಭಿಸಬಹುದು.