ಇಮಾಮ್ ಆಸಿಮ್ ಮತ್ತು ಅವರ ಮನೆಯಲ್ಲಿ ಬೆಳೆದ ಹಫ್ಸ್

ಬನ್ನೂರಿನ ಮದ್ರಸಾದಲ್ಲಿ ಹಜ್ರತರ ಮುಂದೆ ಕುಳಿತ ಮಗುವು ಸೂರಃ ಫಾತಿಹಾ ಓದುವಾಗ ‘ಮಾಲಿಕಿ’ ಎಂದು ಮೊದಲಕ್ಷರವನ್ನು ಎಳೆದು ಉಚ್ಚರಿಸುತ್ತದೆ. ಮೊರೊಕ್ಕೊದ ಮಗು ಅದೇ ಪದವನ್ನು ಎಳೆಯದೆ ‘ಮಲಿಕಿ’ ಎನ್ನುತ್ತದೆ. ಮೊದಲನೆಯದರ ಅರ್ಥ ಒಡೆಯ, ಎರಡನೆಯದರದು ಅರಸ. ಎರಡೂ ಪ್ರಮಾಣಬದ್ಧ ಪಾರಾಯಣಗಳೇ. ನಮ್ಮದು ಇರಾಕಿನ ಕೂಫಾ ನಗರದ ಇಮಾಮ್ ಆಸಿಮ್ ಬಿನ್ ಅಬಿನ್ನಜೂದ್‌ರಿಂದ ಬಂದದ್ದು. ದಿನಕ್ಕೆ ಐದು ಹೊತ್ತು ಅವರ ಉಚ್ಚಾರಣೆಯಲ್ಲೇ ನಮಾಝ್ ನಿರ್ವಹಿಸುವ ನಾವು ಅವರ ಹೆಸರನ್ನು ಮಾತ್ರ ಅಷ್ಟಾಗಿ ಅರಿತಿಲ್ಲ.

ಆಸಿಮ್‌ರ ಪ್ರಧಾನ ಗುರು ಅಬೂ ಅಬ್ದುರ್ರಹ್ಮಾನ್ ಅಸ್ಸುಲಮೀ. ದೃಷ್ಟಿಹೀನರಾಗಿದ್ದ ಇವರು ಕೂಫಾದ ಮಸೀದಿಯಲ್ಲಿ ಸುಮಾರು 40 ವರ್ಷ ಪವಿತ್ರ ಕುರ್‌ಆನ್ ಕಲಿಸಿದರು. ಸ್ವತಃ ಹಝ್ರತ್ ಉಸ್ಮಾನ್(ರ) ಮತ್ತು ಹಝ್ರತ್ ಅಲೀ(ರ) ಅವರಿಂದ ಕಲಿತವರು. ಇನ್ನೊಬ್ಬ ಗುರು ಝಿರ್ರ್ ಬಿನ್ ಹುಬೈಶ್, ಇಬ್ನು ಮಸ್‌ಊದ್(ರ) ಅವರ ಶಿಷ್ಯರು. ಸುಲಮೀ ತೀರಿಕೊಂಡ ಬಳಿಕ ಆಸಿಮ್ ಅದೇ ಸ್ಥಾನದಲ್ಲಿ ಕುಳಿತು ಕಲಿಸತೊಡಗಿದರು. ಅವರದು ಬಹಳ ಇಂಪಾದ ಕಂಠವಾಗಿತ್ತು. ಕಲಿಸುವುದರಲ್ಲಿ ಆತುರವಿರಲಿಲ್ಲ, ಮಗುವಿನಂತೆ ಐದೈದು ವಚನಗಳನ್ನಷ್ಟೇ ಅವರಿಂದ ಕಲಿತೆನೆಂದು ಶಿಷ್ಯ ಶುಅಬಾ ಸ್ಮರಿಸಿದ್ದಾರೆ. ಒಮ್ಮೆ ಎರಡು ವರ್ಷ ಕಾಯಿಲೆಯಿಂದ ಮಲಗಿ ಎದ್ದ ಆಸಿಮ್, ಒಂದಕ್ಷರವೂ ತಪ್ಪದೆ ಕುರ್‌ಆನ್ ಓದಿದರಂತೆ. ಒಂದು ತಿಂಗಳು ಬಿಟ್ಟರೆ ಸೂರಃ ಯಾಸೀನ್ ತಡವರಿಸುವ ನಮ್ಮಂಥವರು ಇದನ್ನು ಓದಿ ನಾಚಬೇಕು. ಹಿಜರಿ 127ರಲ್ಲಿ (ಕ್ರಿ.ಶ. 745) ಅವರು ನಿಧನರಾದರು.

ಅವರ ಓದು ನಮ್ಮವರೆಗೆ ತಲುಪಿದ್ದು ಹಫ್ಸ್ ಬಿನ್ ಸುಲೈಮಾನ್‌ರ ಮೂಲಕ. ಹಿಜರಿ 90ರಲ್ಲಿ ಜನಿಸಿದ ಹಫ್ಸ್, ಆಸಿಮ್‌ರ ಪತ್ನಿಯ ಮೊದಲ ವಿವಾಹದ ಮಗ. ಮಲತಂದೆಯ ಆಸರೆಯಲ್ಲೇ ಬೆಳೆದು, ಅವರ ಬಳಿಯೇ ಕಲಿತರು. ತಮ್ಮ ಓದಿಗೂ ಶುಅಬಾರ ಓದಿಗೂ ಅಲ್ಲಲ್ಲಿ ವ್ಯತ್ಯಾಸ ಕಂಡು ಕಾರಣ ಕೇಳಿದಾಗ ಆಸಿಮ್, ಹಫ್ಸ್‌ಗೆ ಸುಲಮೀಯವರಿಂದ ಕಲಿತದ್ದನ್ನೂ ಶುಅಬಾರಿಗೆ ಝಿರ್ರ್‌ರಿಂದ ಕಲಿತದ್ದನ್ನೂ ಕೊಟ್ಟಿರುವುದಾಗಿ ವಿವರಿಸಿದರು.

ಹದೀಸ್ ವರದಿಯಲ್ಲಿ ವಿದ್ವಾಂಸರು ಹಫ್ಸ್‌ರನ್ನು ದುರ್ಬಲರೆಂದೇ ಪರಿಗಣಿಸಿದ್ದಾರೆ. ನಾವಿದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಪಾರಾಯಣದಲ್ಲಿ ಅವರು ವಿಶ್ವಾಸಾರ್ಹರೆಂದು ಇಮಾಮ್ ಝಹಬೀ ಸ್ಪಷ್ಟವಾಗಿ ಬರೆದಿದ್ದಾರೆ. ಇಡೀ ಬಾಲ್ಯವನ್ನು ಗುರುವಿನ ಮನೆಯಲ್ಲಿ ಕಳೆದವರಿಗೆ ಆ ಓದು ಮಾತೃಭಾಷೆಯಂತೆ ಒಲಿದಿರಬೇಕೆಂದು ನಮಗನಿಸುತ್ತದೆ.

ಬಟ್ಟೆ ವ್ಯಾಪಾರಿಯಾಗಿದ್ದ ಹಫ್ಸ್ ಮುಂದೆ ಬಗ್ದಾದ್ ಮತ್ತು ಮಕ್ಕಾಗಳಲ್ಲಿ ಕಲಿಸಿ, ಹಿಜರಿ 180ರಲ್ಲಿ ನಿಧನರಾದರು. 1924ರಲ್ಲಿ ಕೈರೋದಲ್ಲಿ ಮುದ್ರಿತವಾದ ಪ್ರಸಿದ್ಧ ಮುಸ್‌ಹಫ್ ಅವರ ಪಾರಾಯಣವನ್ನೇ ಅನುಸರಿಸಿತು. ಬನ್ನೂರಿನ ಮನೆಗಳಲ್ಲಿ ಗಿಲಾಫಿನೊಳಗಿಟ್ಟು ಕಾಪಾಡುವ ಪ್ರತಿಗಳಲ್ಲೂ ಇರುವುದು ಅದೇ ಓದು.