ಅವ್ವನ ಡಾರ್ಕ್‌ರೂಮು, ತಮ್ಮನ ಮಗಳ ಕಂಪ್ಯೂಟರು

ಎರಡು ತಿಂಗಳ ಹಿಂದ ನನ್ನ ಬಾಯಿಂದ ಒಂದು ಮಾತು ಜಾರಿತು. ಅದರ ಸಲುವಾಗಿ ಇವತ್ತು ಇಷ್ಟೆಲ್ಲಾ ಬರಿಲಿಕ್ಕೆ ಕೂತೇನಿ.

ನನ್ನ ತಮ್ಮನ ಮಗಳು ಬೆಂಗಳೂರಾಗ ಚಿತ್ರಕಲಾ ಕಲೀತಾಳ, ನಿಮಗೆಲ್ಲಾ ಗೊತ್ತದ. ಅಕಿ ಮತ್ತ ಅಕಿ ಗೆಳತ್ಯಾರು ಕೂಡಿ ತಮ್ಮ ಫೋಟೋಗಳ ಪ್ರದರ್ಶನ ಇಟ್ಟಿದ್ರು. ನಾನು, ವೈನಿ, ಮಾವಶಿ ಮೂರೂ ಮಂದಿ ರಾತ್ರಿ ಬಸ್ಸಿಗೆ ಹೋಗಿದ್ವಿ. ಅಕಿ ಮಾಡಿದ ಒಂದು ಚಿತ್ರದಾಗ ನಮ್ಮ ಹಳೇ ಮನಿ ಪಡಸಾಲಿ ಅದ. ಪಡಸಾಲಿ ತುಂಬ ಕೆರಿ ನೀರು, ನೀರಿನ ಮ್ಯಾಲೆ ಅಜ್ಜನ ತೂಗುಮಂಚ ತೇಲಲಿಕತ್ತದ, ಗ್ವಾಡಿ ಇರೂ ಜಾಗಾದಾಗ ಮುಗಲು. ವೈನಿ ನೋಡಿ ಕಣ್ಣಾಗ ನೀರು ತಂದ್ರು. ನಾ ಮಾತ್ರ ಶಾಣ್ಯಾಕಿ ಹಂಗ ಅಂದೆ, "ಅದೇನು ಬಿಡವಾ, ಈಗೆಲ್ಲಾ ಕಂಪ್ಯೂಟರ್ ತಾನಽ ಮಾಡ್ತದ."

ಹುಡುಗಿ ನಕ್ಕಳು. ಆದ್ರ ಊಟಕ್ಕ ಕೂತಾಗ ನನ್ನ ಜೋಡಿ ಒಂದು ಮಾತೂ ಆಡಲಿಲ್ಲ.

ತಿರುಗಿ ಬರೂ ಮುಂದ ಬಸ್ಸಿನಾಗ ನನಗ ನಿದ್ದಿ ಹತ್ತಲಿಲ್ಲ. ಯಾಕಂದ್ರ ಈ ಮಾತು ನಾ ಮೊದಲು ಎಲ್ಲೆ ಕೇಳಿದ್ದೆ ಅಂತ ನೆನಪಾಗಿತ್ತು. ನಮ್ಮವ್ವಗ ಮಂದಿ ಇದಽ ಮಾತು ಅಂತಿದ್ರು.

ಅಪ್ಪನ ಫೋಟೋ ಸ್ಟುಡಿಯೋ ನಿಮ್ಮೊಳಗ ಹಿರಿಯರಿಗೆ ನೆನಪಿರಬೇಕು. ಫೋಟೋ ಹೊಡಿಯಾಂವ ಅಪ್ಪ. ಆದ್ರ ರಾತ್ರಿ ಊಟ ಮುಗಿದು, ನಾವೆಲ್ಲಾ ಮಲಗಿದ ಮ್ಯಾಲೆ, ಬಚ್ಚಲ ಖೋಲಿಗೆ ಕರಿ ಪರದೆ ಹಾಕಿ, ಕೆಂಪು ದೀಪ ಹಚ್ಚಿ ನಿಲ್ಲಾಕಿ ಅವ್ವ. ಮೂರು ಟ್ರೇ ಇರ್ತಿದ್ವು. ಮೊದಲನೇದ್ರಾಗ ಡೆವಲಪರ್, ಎರಡನೇದ್ರಾಗ ವಿನಿಗರ್ ವಾಸನಿ ಹೊಡಿಯೂ ನೀರು, ಮೂರನೇದ್ರಾಗ ಹೈಪೋ. ನೆಗೆಟಿವ್ ಎನ್‌ಲಾರ್ಜರಿನಾಗ ಇಟ್ಟು, ಕೆಳಗ ಕಾಗದದ ಮ್ಯಾಲೆ ಬೆಳಕು ಬಿಟ್ಟರ ಕಾಗದ ಬೆಳ್ಳಗಽ ಇರ್ತಿತ್ತು, ಏನೂ ಕಾಣ್ತಿದ್ದಿಲ್ಲ. ಡೆವಲಪರಿನಾಗ ಅದ್ದಿ ಟ್ರೇ ಅಲುಗಾಡಿಸಿದ್ರ ಸಣ್ಣಗ ಹುಬ್ಬು, ಮೂಗು, ಸೀರಿ ಅಂಚು ಮೂಡಿ ಬರ್ತಿದ್ವು. ಬ್ಯಾಸಗ್ಯಾಗ ಡೆವಲಪರ್ ಕಾಯ್ತದ ಅಂತ ಟ್ರೇದ ಸುತ್ತ ಬರ್ಫ್ ಇಡ್ತಿದ್ಲು. ಕಡೀಕ ಎಲ್ಲಾ ಪ್ರಿಂಟು ಹರಿಯೂ ನೀರಾಗ ತೊಳಿಯೂದು. ಹೈಪೋ ಉಳೀತಂದ್ರ ಫೋಟೋ ಕೆಲವು ವರ್ಷಕ್ಕ ಹಳದಿ ಬೀಳ್ತದ.

ಅವ್ವನ ಕೈಯಾಗ ಒಂದು ಸಾಮಾನು ಇತ್ತು. ಒಂದು ತಂತಿ, ಅದರ ತುದಿಗೆ ಎಂಟಾಣೆಯಷ್ಟು ದುಂಡಗ ಕತ್ತರಿಸಿದ ಕರಿ ರಟ್ಟು. ಬೆಳಕು ಬಿಟ್ಟಾಗ ಮದುಮಗಳ ಮುಖದ ಮ್ಯಾಲೆ ಆ ರಟ್ಟಿನ ನೆರಳು ಬೀಳೂ ಹಂಗ ಹಿಡಿದು ಸಣ್ಣಗ ಅಲ್ಲಾಡಸ್ತಿದ್ಲು. ನೆರಳು ಬಿದ್ದಷ್ಟು ಹೊತ್ತು ಅಲ್ಲೆ ಬೆಳಕು ಕಡಿಮಿ, ಅದಕ್ಕ ಪ್ರಿಂಟಿನಾಗ ಆ ಮುಖ ಬೆಳಗಾಗ್ತದ. ಅಲ್ಲಾಡಿಸದೇ ಹಿಡಿದ್ರ ಅಂಚು ಕಂಡು ಬಿಡ್ತದ. ಹಿಂದಿನ ಗ್ವಾಡಿ ಕಪ್ಪು ಮಾಡಬೇಕಂದ್ರ ಎರಡೂ ಅಂಗೈ ಕೂಡಿಸಿ ನಡುವ ಸಂದಿ ಬಿಟ್ಟು ಅಲ್ಲೆಷ್ಟ ಬೆಳಕು ಬಿಡ್ತಿದ್ಲು. ಮುಂಜಾನೆ ಗಿರಾಕಿ ಬಂದು, "ಭಾಳ ಛಲೋ ಹೊಡದೀರಿ ಮಾಸ್ತರ" ಅಂತ ಅಪ್ಪಗ ಹೇಳಿ ಹೋಗ್ತಿದ್ರು. ಫೋಟೋದ ಹಿಂದ ಅಪ್ಪನ ಹೆಸರಿನ ಸಿಕ್ಕಾ. ಓಣ್ಯಾನವರು ಅವ್ವಗ, "ನಿನಗೇನು ಕಷ್ಟ, ಔಷಧದ ನೀರಾಗ ಅದ್ದಿದ್ರ ತಾನಽ ಬರ್ತದ" ಅಂತಿದ್ರು. ಅವ್ವ, "ಹೌದ್ರಿ, ಅಡಗಿನೂ ತಾನಽ ಆಗ್ತದ" ಅಂದು ಸುಮ್ಮನಾಗ್ತಿದ್ಲು.

ಹಂಗಾದ್ರ "ತಾನಽ ಆಗ್ತದ" ಅನ್ನೂ ಮಾತು ಎಷ್ಟು ಹಳೇದು? ಊರಿಗೆ ಬಂದ ಮ್ಯಾಲೆ ಓದಲಿಕ್ಕೆ ಕೂತೆ. ಓದಿದ್ರ, ಫೋಟೋ ಹುಟ್ಟಿದಾಗಿಂದನೂ ಈ ಜಗಳ ಅದಽ ಅದ.

ಮೊದಲು ಒಬ್ಬಾಕಿ ಹೆಣ್ಣಮಗಳ ಸುದ್ದಿ ಕೇಳ್ರಿ. ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಅಂತ, 1815ರಾಗ ನಮ್ಮ ಕಲಕತ್ತಾದಾಗ ಹುಟ್ಟಿದಾಕಿ. 1863ರಾಗ, ಅಕಿಗೆ 48 ವರ್ಷ ಇದ್ದಾಗ, ಮಗಳು ಅಳಿಯಾ ಕೂಡಿ ಒಂದು ಕ್ಯಾಮೆರಾ ಉಡುಗೊರಿ ಕೊಟ್ರು. ಇಂಗ್ಲಂಡಿನ ತನ್ನ ಮನ್ಯಾಗ ಕೋಳಿ ಸಾಕೂ ಖೋಲಿ ಸ್ಟುಡಿಯೋ ಮಾಡಿದಳು, ಇದ್ದಲಿ ತುಂಬೂ ಖೋಲಿ ಡಾರ್ಕ್‌ರೂಮ್ ಮಾಡಿದಳು. ಮನಿ ಕೆಲಸದ ಹುಡಿಗ್ಯಾರನ್ನ ಕೂಡಿಸಿ ದೇವತಿ ಹಂಗ ಫೋಟೋ ತಗದಳು. ಅಕಿ ಫೋಟೋ ಮಬ್ಬು ಅವ, ಗಾಜಿನ ಮ್ಯಾಲೆ ಬಟ್ಟಿನ ಗುರುತು ಅವ, ಔಷಧದ ಕಲಿ ಅವ ಅಂತ ಆಗಿನ ಪಂಡಿತರು ಹೀಯಾಳಿಸಿದ್ರು. ಇವತ್ತು ಅವಽ ಫೋಟೋ ದೊಡ್ಡ ದೊಡ್ಡ ಮ್ಯೂಜಿಯಮ್‌ದಾಗ ಅವ.

ಅದಕ್ಕೂ ಮೊದಲಽ, 1857ರಾಗ, ಆಸ್ಕರ್ ರೈಲ್ಯಾಂಡರ್ ಅನ್ನಾಂವ 30ಕ್ಕಿಂತ ಹೆಚ್ಚು ನೆಗೆಟಿವ್ ಕೂಡಿಸಿ ಒಂದಽ ದೊಡ್ಡ ಚಿತ್ರ ಮಾಡಿದ್ದ. ವಿಕ್ಟೋರಿಯಾ ರಾಣಿ ಅದರ ಪ್ರತಿ ಕೊಂಡಳು. ಮುಂದಿನ ವರ್ಷ ಹೆನ್ರಿ ಪೀಚ್ ರಾಬಿನ್‌ಸನ್ ಐದು ನೆಗೆಟಿವ್ ಕೂಡಿಸಿ, ಸಾಯಲಿಕತ್ತ ಹುಡುಗಿ, ಸುತ್ತ ಮನಿ ಮಂದಿ ನಿಂತ ಚಿತ್ರ ಮಾಡಿದ. ಮಂದಿಗೆ ಸಿಟ್ಟು ಬಂತು. ಫೋಟೋ ಅಂದ್ರ ಖರೇ ಇರಬೇಕು, ಸುಳ್ಳು ಕೂಡಿಸಬಾರದು ಅಂತ. ನೋಡ್ರಿ, ಕಂಪ್ಯೂಟರ್ ಹುಟ್ಟೂದಕ್ಕ ಇನ್ನೂ ಎಷ್ಟೋ ವರ್ಷ ಬಾಕಿ ಇತ್ತು!

"ಅವರು ಕೂಡಿಸಿದ್ರು ಸರಿ, ಆದ್ರ ಇದ್ದದ್ದು ಇದ್ದ ಹಂಗ ತಗದವರೂ ಇದ್ರಲ್ಲಾ" ಅಂತ ನೀವು ಅಂತೀರಿ. ಇದ್ರು. ಅಮೇರಿಕಾದ ಅನ್ಸೆಲ್ ಆ್ಯಡಮ್ಸ್ ಅವರೊಳಗ ದೊಡ್ಡ ಹೆಸರು. 1941ರಾಗ ನ್ಯೂ ಮೆಕ್ಸಿಕೋದಾಗ ಸಂಜಿ ಮುಂದ ಕಾರಿನಾಗ ಹೊಂಟಾಗ, ಒಂದು ಸಣ್ಣ ಹಳ್ಳಿ, ಗೋರಿಗಳ ಮ್ಯಾಲಿನ ಶಿಲುಬಿಗೆ ಬಿದ್ದ ಕಡೀ ಬಿಸಲು, ಮ್ಯಾಲೆ ಚಂದ್ರ, ಇಷ್ಟು ಕಂಡು ಗಡಿಬಿಡಿಲೆ ಕ್ಯಾಮೆರಾ ಇಳಿಸಿದ್ರು. ಬೆಳಕು ಅಳಿಯೂ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಬೆಳಕಿನ ಲೆಕ್ಕ ತಲಿಯಾಗ ಹಾಕಿ ಒಂದು ಫೋಟೋ ತಗದ್ರು. ಎರಡನೇದು ತಗಿಯೂದ್ರಾಗ ಬಿಸಲು ಹೋಗಿಬಿಟ್ಟಿತ್ತು. ಆ ಒಂದಽ ನೆಗೆಟಿವ್‌ನಿಂದ ಮುಂದ ಜೀವನದುದ್ದಕ್ಕೂ ಸಾವಿರಕ್ಕಿಂತ ಹೆಚ್ಚು ಪ್ರಿಂಟ್ ಮಾಡಿದ್ರು. ಮೊದಲಿನ ಪ್ರಿಂಟಿನಾಗ ಮುಗಲು ತಿಳಿ ಅದ, ಮ್ವಾಡ ಕಾಣ್ತಾವ. ವರ್ಷ ಕಳದಂಗ ಮುಗಲು ಕಪ್ಪಾಗ್ತಾ ಆಗ್ತಾ, ಕಡೀಕ ಪೂರಾ ಕಾಡಿಗಿ ಹಂಗ ಆಗ್ಯದ. ಯಾವುದು ಖರೇ ಮುಗಲು ಹೇಳ್ರಿ?

ಆ್ಯಡಮ್ಸ್ ಹುಡುಗರಿದ್ದಾಗ ಪಿಯಾನೋ ಕಲತವರು. ನೆಗೆಟಿವ್ ಅಂದ್ರ ಬರದಿಟ್ಟ ಸಂಗೀತದ ಹಂಗ, ಪ್ರಿಂಟ್ ಅಂದ್ರ ಅದನ್ನ ನುಡಿಸಿ ತೋರಸೂದು ಅಂತ ಅವರ ವಿಚಾರ. ನಾವು ಧಾರವಾಡದವರು, ನಮಗ ಇದನ್ನ ಬಿಡಿಸಿ ಹೇಳೂದು ಬ್ಯಾಡ. ಚೀಜು ಒಂದಽ ಇದ್ರೂ ಮಲ್ಲಿಕಾರ್ಜುನ ಮನ್ಸೂರರು ಹಾಡೂದು ಬ್ಯಾರೆ, ಗಂಗೂಬಾಯಿ ಹಾನಗಲ್ಲರು ಹಾಡೂದು ಬ್ಯಾರೆ. ನಮ್ಮವ್ವ ಬಚ್ಚಲ ಖೋಲ್ಯಾಗ ತಂತಿ ಅಲ್ಲಾಡಸ್ತಿದ್ದದ್ದೂ ಹಾಡಽ ಆಗಿತ್ತು ಅಂತ ನನಗ ಈಗ ತಿಳೀತು.

ಈಗ ನಮ್ಮ ಹುಡುಗಿ ಚಿತ್ರಕ್ಕ ಬರೂಣು. ಪಡಸಾಲ್ಯಾಗ ಕೆರಿ, ಗ್ವಾಡಿ ಬದಲಿ ಮುಗಲು. ಇಂಥ ಕನಸಿನ ಚಿತ್ರಗಳನ್ನ ಕಂಪ್ಯೂಟರ್ ಇಲ್ಲದ ಬರೇ ಡಾರ್ಕ್‌ರೂಮಿನಾಗ ಮಾಡಿದವರು ಜೆರಿ ಯೂಲ್ಸ್‌ಮನ್. 1934ರಾಗ ಹುಟ್ಟಿ 2022ರಾಗ ತೀರಿಕೊಂಡ್ರು. ಫ್ಲಾರಿಡಾ ವಿಶ್ವವಿದ್ಯಾಲಯದಾಗ 1960ರಿಂದ ಕಲಿಸಿದ್ರು. ಅವರ ಡಾರ್ಕ್‌ರೂಮಿನಾಗ ಸಾಲಕ್ಕ ಹಲವು ಎನ್‌ಲಾರ್ಜರ್ ಇರ್ತಿದ್ವು. ಒಂದ್ರಾಗ ಮರದ ನೆಗೆಟಿವ್, ಇನ್ನೊಂದ್ರಾಗ ನೀರಿಂದು, ಮತ್ತೊಂದ್ರಾಗ ಮುಗಲಿಂದು. ಕಾಗದ ಮಾತ್ರ ಒಂದಽ. ಅದನ್ನ ಮೊದಲನೇ ಎನ್‌ಲಾರ್ಜರಿನ ಕೆಳಗ ಇಟ್ಟು, ರಟ್ಟು ಅಡ್ಡ ಹಿಡಿದು ಬೇಕಾದಷ್ಟು ಭಾಗಕ್ಕ ಬೆಳಕು ಕೊಡೂದು, ಆಮ್ಯಾಲೆ ಎರಡನೇದಕ್ಕ ಒಯ್ಯೂದು, ಆಮ್ಯಾಲೆ ಮೂರನೇದಕ್ಕ. ಈ ಹೊತ್ತಿನಾಗ ಕಾಗದ ಇನ್ನೂ ಬೆಳ್ಳಗಽ ಇರ್ತದ. ಕಣ್ಣಿಗೆ ಏನೂ ಕಾಣದ, ಎಲ್ಲಾ ನೆನಪಿನ ಮ್ಯಾಲೆ. ಮೂರನೇದ್ರಾಗ ತಪ್ಪಿತಂದ್ರ ಮೊದಲಿಂದ ಶುರು. 1967ರಾಗ ನ್ಯೂಯಾರ್ಕಿನ ಮ್ಯೂಜಿಯಂ ಆಫ್ ಮಾಡರ್ನ್ ಆರ್ಟ್‌ದಾಗ ಅವರೊಬ್ಬರದಽ ಪ್ರದರ್ಶನ ಆತು.

ಇನ್ನ ಫೋಟೋಶಾಪಿನ ಹುಟ್ಟು ಕೇಳ್ರಿ, ಇದು ನನಗ ಭಾಳ ಸೇರಿತು. ಅಮೇರಿಕಾದ ಥಾಮಸ್ ನೋಲ್, ಜಾನ್ ನೋಲ್ ಅಂತ ಅಣ್ಣ ತಮ್ಮ. ಅವರಪ್ಪಗ ಫೋಟೋದ ಹುಚ್ಚು, ಮನಿ ನೆಲಮಾಳಿಗ್ಯಾಗ ಡಾರ್ಕ್‌ರೂಮ್ ಇತ್ತು. ಹುಡುಗರು ಅಲ್ಲೆ ಕಲತು ಬೆಳದವರು. ಥಾಮಸ್ 1987ರಾಗ ಬರಿಲಿಕ್ಕೆ ಹಿಡದ ಪ್ರೋಗ್ರಾಮ್ 1990ರಾಗ ಅಡೋಬಿ ಕಂಪನಿಯಿಂದ ಫೋಟೋಶಾಪ್ ಆಗಿ ಹೊರಗ ಬಂತು. ಅಂದ್ರ ಡಾರ್ಕ್‌ರೂಮನ್ನ ಕೊಂದ್ತು ಅಂತ ನಾವು ಬೈಯೂ ಸಾಮಾನು ಡಾರ್ಕ್‌ರೂಮಿನ ಮನ್ಯಾಗಽ ಹುಟ್ಟಿದ ಕೂಸು!

1990ರ ದಶಕದ ನಡುವ ಅಡೋಬಿಯವರು ಯೂಲ್ಸ್‌ಮನ್ನರ ಕಡಿಂದ ಫೋಟೋಶಾಪಿನಾಗ ಒಂದು ಚಿತ್ರ ಮಾಡಿಸಿದ್ರು. ಯೂಲ್ಸ್‌ಮನ್ ಅದನ್ನ ಮಾಡಿ, ತಿರುಗಿ ತಮ್ಮ ಕೆಂಪು ದೀಪಕ್ಕಽ ಹೋದ್ರು. ಆ ಕಂಪ್ಯೂಟರ್ ಕಡೆ ಹೊಳ್ಳಿ ಕೂತಾಕಿ ಆಗಿನ ಅವರ ಹೆಂಡ್ತಿ ಮ್ಯಾಗಿ ಟೇಲರ್. (ನಮ್ಮ ಹುಡುಗೂರು ತಿನ್ನೂ ಮ್ಯಾಗಿ ಅಲ್ಲರಿ!) ಅಕಿ ಹಳೇ ಸಾಮಾನಿನ ಸಂತ್ಯಾಗ ಸಿಗೂ, ಹೆಸರು ಕುಲ ಗೊತ್ತಿಲ್ಲದ 19ನೇ ಶತಮಾನದ ಹೆಂಗಸೂರ ಫೋಟೋ, ಆಟಿಗಿ, ಒಣಗಿದ ಹುಳ, ಇಂಥಾವನ್ನ ಸ್ಕ್ಯಾನರಿನ ಮ್ಯಾಲಿಟ್ಟು, ಒಂದರ ಮ್ಯಾಲೆ ಒಂದು ಹತ್ತಾರು ಪದರಾ ಕೂಡಿಸಿ ಚಿತ್ರ ಮಾಡ್ತಾಳ. ಒಂದೊಂದಕ್ಕ ವಾರಗಟ್ಟಲೆ, ತಿಂಗಳಗಟ್ಟಲೆ ಹಿಡೀತದ. ಒಂದಽ ಮನಿ, ಗಂಡ ಕತ್ತಲ್ಯಾಗ, ಹೆಂಡ್ತಿ ಪರದೆ ಮುಂದ. ಇಬ್ಬರದೂ ಕನಸಿನ ಚಿತ್ರಾನಽ, ಇಬ್ಬರಿಗೂ ಅಷ್ಟಽ ಹೊತ್ತು. ಇದರಾಗ ಯಾರದು ಕಲಾ, ಯಾರದು ಬರೇ ಮಷೀನು?

ನನ್ನ ಮನಸ್ಸಿನಾಗ ಕಸೂತಿ ಲೆಕ್ಕ ಒಂದು ಇತ್ತು. ಎಳಿ ಎಣಿಸಿ, ಗಂಟು ಹಾಕದ, ಎರಡೂ ಮಗ್ಗಲಾ ಒಂದಽ ಕಾಣೂ ಹಂಗ ಹಾಕಿದ ಗವಂತಿ ಎಲ್ಲೆ, ಮಷೀನ್ ಕಸೂತಿ ಎಲ್ಲೆ? ಡಿಜಿಟಲ್ ಅಂದ್ರ ಮಷೀನ್ ಕಸೂತಿ ಅಂತ ತಿಳಕೊಂಡಿದ್ದೆ. ಆದ್ರ ಮಷೀನ್ ಒಂದು ನಮೂನಿಯನ್ನ ನೂರು ಸೀರಿಗೆ ತಾನಽ ಹಾಕ್ತದ. ಮ್ಯಾಗಿ ಟೇಲರ್ ಆಗಲಿ ನಮ್ಮ ಹುಡುಗಿ ಆಗಲಿ ಹಂಗ ಮಾಡೂದಿಲ್ಲ. ಎಲ್ಲೆ ಬೆಳಕು ಬೇಕು, ಎಲ್ಲೆ ಬ್ಯಾಡ ಅನ್ನೂದನ್ನ ಒಂದೊಂದು ಎಳಿ ಹಂಗ ತಾವಽ ಎಣಸ್ತಾರ.

ಹಂಗಂತ ಏನೂ ಕಳೀಲಿಲ್ಲ ಅಂತ ನಾ ಅನ್ನೂದಿಲ್ಲ. ಕೊಡ್ಯಾಕ್ ಕಂಪನಿ 2005ರಾಗ ಕಪ್ಪು ಬಿಳಿ ಫೋಟೋ ಕಾಗದ ಮಾಡೂದು ಬಿಟ್ಟಿತು. ಅವ್ವನ ಕೈಯಾಗ ಒಂದು ಪ್ರಿಂಟಿನ ಹಂಗ ಇನ್ನೊಂದು ಇರ್ತಿದ್ದಿಲ್ಲ. ಈಗ ಫೈಲು ಒತ್ತಿದಷ್ಟು ಸಲ ಹಂಗಽ ಬರ್ತದ. ಕಂಪ್ಯೂಟರಿನಾಗ ತಪ್ಪಿದ್ರ ಹಿಂದಕ್ಕ ಹೋಗಬಹುದು. ಅವ್ವಗ ಹಿಂದಕ್ಕ ಹೋಗೂದು ಇದ್ದಿದ್ದಿಲ್ಲ, ಒಂದು ಕಾಗದ ಕೆಟ್ರ ಒಂದು ಕಾಗದದ ರೊಕ್ಕ ಹೋದಂಗ. ಆ ಅಂಜಿಕಿ ಅಕಿ ಕಣ್ಣು ಚುರುಕು ಮಾಡಿತ್ತು. ಆದ್ರ ಔಷಧದ ನೀರಾಗ ಅದ್ದಿ ಅದ್ದಿ ಅಕಿ ಬಟ್ಟು ಸೀಳಿದ್ದೂ, ಉಗುರು ಕಂದಾಗಿದ್ದೂ ನಾ ನೋಡೇನಿ. ನಮ್ಮ ಹುಡುಗಿಗೆ ಅದು ಬ್ಯಾಡ.

ದೀಪಾವಳಿಗೆ ಹುಡುಗಿ ಊರಿಗೆ ಬಂದಳು. ನಾನಽ ಹೋಗಿ ಮಗ್ಗಲಕ್ಕ ಕೂತೆ. "ಆ ತೂಗುಮಂಚದ ಚಿತ್ರ ಹೆಂಗ ಮಾಡಿದಿ, ನನಗ ತೋರಸ್ತೀಯೇನು?" ಅಂದೆ. ಮೊದಲು ಬಿಗಿದಽ ಇದ್ಲು. ಆಮ್ಯಾಲೆ ಲ್ಯಾಪ್‌ಟಾಪ್ ತಗದಳು. ಎಡಕ್ಕ ಸಣ್ಣ ಸಣ್ಣ ಚಿತ್ರದ ಸಾಲು ಇತ್ತು. ಅದರಾಗ ಒಂದರ ಮ್ಯಾಲೆ ನನ್ನ ಕಣ್ಣು ನಿಂತಬಿಡ್ತು. ಒಂದು ಕಡ್ಡಿ, ಅದರ ತುದಿಗೆ ದುಂಡಂದು ಒಂದು.

"ಇದೇನವಾ?"

"ಡಾಜ್ ಅಂತಾರ ಅತ್ಯಾ. ಮುಖ ಬೆಳಗು ಮಾಡ್ಲಿಕ್ಕೆ. ಇದರ ಕೆಳಗ ಕೈ ಅದಲಾ, ಅದು ಬರ್ನ್, ಕಪ್ಪು ಮಾಡ್ಲಿಕ್ಕೆ. ಯಾಕ ಹಿಂಗ ಚಿತ್ರ ಹಾಕ್ಯಾರ ನನಗೂ ಗೊತ್ತಿಲ್ಲ."

ನಾ ಎದ್ದು ಹೋಗಿ ಟ್ರಂಕಿನಿಂದ ಅವ್ವನ ಬಿಸ್ಕೀಟ್ ಡಬ್ಬಿ ತಂದೆ. ನೆಗೆಟಿವ್‌ಗಳ ನಡುವ ಆ ತಂತಿ ಇನ್ನೂ ಇತ್ತು, ರಟ್ಟಿನ ಅಂಚು ಸವದಿತ್ತು. ಅಕಿ ಕೈಯಾಗ ಇಟ್ಟೆ. ಹುಡುಗಿ ತಂತಿ ನೋಡಿದ್ಲು, ಪರದೆ ನೋಡಿದ್ಲು, ತಿರುಗಿ ತಂತಿ ನೋಡಿದ್ಲು. "ಅಜ್ಜಿದಾ?" ಅಂದಳು. "ಹೌದು. ಅಕಿಗೂ ಮಂದಿ ತಾನಽ ಆಗ್ತದ ಅಂತಿದ್ರು. ನಾನೂ ನಿನಗ ಹಂಗಽ ಅಂದೆ, ತಪ್ಪಾತವಾ" ಅಂದೆ.

ಆವತ್ತು ರಾತ್ರಿ ಅವ್ವಂದಽ ಒಂದು ನೆಗೆಟಿವ್ ಸ್ಕ್ಯಾನ್ ಮಾಡಿದ್ವಿ. ಸ್ಟುಡಿಯೋದ ಬಾಗಲಾಗ ನಿಂತಾಳ, ಮುಖದ ಮ್ಯಾಲೆ ನೆರಳು. ಹುಡುಗಿ ಆ ಕಡ್ಡಿ ಚಿತ್ರ ಒತ್ತಿ ಮುಖದ ಮ್ಯಾಲೆ ಸಣ್ಣಗ ಆಡಿಸಿದ್ಲು. "ಸಾಕಾ ಅತ್ಯಾ, ಇನ್ನೂ ಸ್ವಲ್ಪ?" ಇನ್ನೂ ಸ್ವಲ್ಪ ಅಂದೆ. ಭಾಳ ಆತು ಅಂದೆ. ಹಿಂಗ ಮಾಡಿ ಮಾಡಿ ಹನ್ನೊಂದೂವರಿ ಆತು.

ನಿಮ್ಮ ಮನ್ಯಾಗೂ ಹಳೇ ನೆಗೆಟಿವ್ ಇದ್ರ ಒಗೀಬ್ಯಾಡ್ರಿ. ಅಂಚು ಹಿಡಿದು ಮುಟ್ರಿ, ಬಟ್ಟು ಹಚ್ಚಬ್ಯಾಡ್ರಿ. ಕಾಗದದ ಪಾಕೀಟಿನಾಗ ಹಾಕಿ, ತಂಪು ಆರದ ಜಾಗಾ ಬಿಟ್ಟು ಒಣ ಕಪಾಟಿನಾಗ ಇಡ್ರಿ. ಮತ್ತ ಅವನ್ನ ರಾತ್ರಿ ನಿಂತು ತೊಳದವರು ಯಾರು ಅಂತ ಮನಿ ಹಿರಿಯರನ್ನ ಕೇಳಿ, ಪಾಕೀಟಿನ ಮ್ಯಾಲೆ ಅವರ ಹೆಸರು ಬರೀರಿ.