ಕೇಳದೇ ಆದ ರಾಜಿ

"ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ" ಅನ್ನೋ ಗಾದೆ ನಮ್ಮೂರ ಕಡೆ ಎಲ್ಲರ ಬಾಯಲ್ಲೂ ಇತ್ತು. ಹಾಗಾಗಿ ರಾಜಿ ಅಂದ್ರೆ ಒಳ್ಳೆಯದೇ ಅಂತ ನಾನೂ ನಂಬಿದ್ದೆ. ಆ ನಂಬಿಕೆ ಅಲುಗಾಡಿದ್ದು 1989ರ ಫೆಬ್ರವರಿಯಲ್ಲಿ, ಚರ್ಚ್‌ಗೇಟ್ ಲೋಕಲ್‌ನಲ್ಲಿ ನಿಂತುಕೊಂಡೇ ಪೇಪರ್ ಓದುವಾಗ.

ಭೋಪಾಲದ ಕೇಸು ರಾಜಿಯಾಗಿತ್ತು!

1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿದ್ದು ನಿಮಗೂ ಗೊತ್ತು. ಮರುವರ್ಷವೇ ಒಂದು ಕಾಯ್ದೆ ಬಂತು. ಸಂತ್ರಸ್ತರೆಲ್ಲರ ಪರವಾಗಿ ಪರಿಹಾರ ಕೇಳುವ ಹಕ್ಕು ಕೇಂದ್ರ ಸರಕಾರದ ಕೈಗೆ ಹೋಯಿತು. ಅಮೆರಿಕದ ಕೋರ್ಟು, ನಿಮ್ಮ ದೇಶದಲ್ಲೇ ಕೇಸು ನಡೆಸಿಕೊಳ್ಳಿ ಎಂದಿತು. ಸರಕಾರ ಭೋಪಾಲದಲ್ಲಿ ದಾವೆ ಹೂಡಿ ಕೇಳಿದ್ದು 330 ಕೋಟಿ ಡಾಲರ್.

ಜಿಲ್ಲಾ ಕೋರ್ಟು 350 ಕೋಟಿ ರೂಪಾಯಿ ಮಧ್ಯಂತರ ಪರಿಹಾರ ಕೊಡಿ ಅಂದಿತು. ಹೈಕೋರ್ಟು ಅದನ್ನು 250 ಕೋಟಿಗೆ ಇಳಿಸಿತು. ಸುಪ್ರೀಂ ಕೋರ್ಟಿಗೆ ಹೋಗಿದ್ದು ಈ ಮಧ್ಯಂತರದ ತಗಾದೆ ಮಾತ್ರ. ಆದರೆ ಫೆಬ್ರವರಿ 14ರಂದು ಇಡೀ ಕೇಸೇ ಮುಗಿಯಿತು. ಮೊತ್ತ 47 ಕೋಟಿ ಡಾಲರ್. ಕ್ರಿಮಿನಲ್ ಕೇಸುಗಳೂ ರದ್ದು! ಉಸಿರು ಕಟ್ಟಿ ಕೆಮ್ಮುತ್ತಿದ್ದವರನ್ನು ಮಾತ್ರ ಯಾರೂ ಕೇಳಲಿಲ್ಲ.

ಆ ಪೀಠದ ಐವರಲ್ಲಿ ಇಬ್ಬರು ನಮ್ಮವರು: ಇ.ಎಸ್. ವೆಂಕಟರಾಮಯ್ಯ, ಎಂ.ಎನ್. ವೆಂಕಟಾಚಲಯ್ಯ. ಪರಿಹಾರದ ಲೆಕ್ಕ ಹಾಕುವಾಗ ಸತ್ತವರು ಸುಮಾರು 3,000 ಅಂತ ಹಿಡಿದಿದ್ದರು. ಮುಂದೆ ಸಾವಿಗೆಂದು ಪರಿಹಾರ ಕೊಟ್ಟ ಪ್ರಕರಣಗಳೇ 15,000 ದಾಟಿದವು.

ಜನ ಬೀದಿಗಿಳಿದರು, ಮರುಪರಿಶೀಲನೆ ಕೇಳಿದರು. 1991ರ ಅಕ್ಟೋಬರ್ 3ರ ತೀರ್ಪಿನಲ್ಲಿ ಮೊತ್ತ ಹಾಗೇ ಉಳಿಯಿತು, ಕ್ರಿಮಿನಲ್ ಕೇಸುಗಳಿಗೆ ಮಾತ್ರ ಮತ್ತೆ ಜೀವ ಬಂತು. ಹಣ ಸಾಲದಿದ್ದರೆ ಕೊರತೆಯನ್ನು ಭಾರತ ಸರಕಾರವೇ ತುಂಬಲಿ ಅಂತಲೂ ಬರೆದರು. ಸರಕಾರ 2010ರಲ್ಲಿ ಹೆಚ್ಚಿನ ಹಣ ಬೇಕೆಂದು ಮತ್ತೆ ಅರ್ಜಿ ಹಾಕಿತು. 2023ರ ಮಾರ್ಚ್ 14ರಂದು ಅದೂ ವಜಾ. ಎರಡೂ ಕಡೆಯವರು ಒಪ್ಪಿ ಆದ ರಾಜಿಯನ್ನು ಇಷ್ಟು ವರ್ಷಗಳ ಮೇಲೆ ಮತ್ತೆ ಬಿಚ್ಚೋದು ಸುಲಭವಲ್ಲ.

ಆವತ್ತು ಲೋಕಲ್‌ನಲ್ಲಿ ನನಗೆ ನೆನಪಾದದ್ದು ಅಮ್ಮ. ಅಜ್ಜನ ಗದ್ದೆಯ ಪಾಲಿನ ದಾವೆ ಮುನ್ಸೀಫ್ ಕೋರ್ಟಿನಲ್ಲಿ ರಾಜಿಯಾದಾಗ ಮಾವಂದಿರು ತೋರಿಸಿದಲ್ಲಿ ಅವಳು ಸಹಿ ಹಾಕಿದ್ದಳು. ಕಾಗದದಲ್ಲೇನಿತ್ತು ಅಂತ ಓದಿ ಹೇಳಿದವರಿಲ್ಲ. "ರಾಜಿ ಆಯ್ತಲ್ಲ, ಒಳ್ಳೇದೇ ಆಯ್ತು" ಅಂತ ನಾನೂ ಅಂದಿದ್ದೆ.

ಅವಳು ಅಂದದ್ದು ಇಷ್ಟೇ: "ಹೌದು ಮಗ, ಆಯ್ತು. ನನ್ನ ಹತ್ರ ಯಾರೂ ಕೇಳ್ಲಿಲ್ಲ, ಅಷ್ಟೇ."